ಲ್ಯಾಪ್‌ಟಾಪ್‌ಗೆ ವೈಫೈ ಹತ್ತುತ್ತಿಲ್ಲವೇ? ತೊಂದರೆ ಎಲ್ಲಿದೆ ಅಂತ ಮೊದಲು ಹುಡುಕಿ

"ಅಣ್ಣಾರ, ಲ್ಯಾಪ್‌ಟಾಪಿಗೆ ವೈಫೈ ಹತ್ತವಲ್ದು ನೋಡ್ರಿ."

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿರುವ ಎಲ್ಲರಿಗೂ ಈ ಫೋನ್ ಬರುತ್ತದೆ. ತಕ್ಷಣ ಉತ್ತರ ಹೇಳಲು ಆಗುವುದಿಲ್ಲ. ವೈಫೈ ಬಟನ್ನೇ ಮಾಯವಾಗಿದ್ದರೂ ಜನ ಹೀಗೇ ಹೇಳುತ್ತಾರೆ, ರೀಚಾರ್ಜ್ ಮುಗಿದಿದ್ದರೂ ಹೀಗೇ ಹೇಳುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಇನ್ನೂ ಒಂದು ತೊಂದರೆ ಇದೆ. ಕಾರಣ ಗೊತ್ತಾಗುವ ಮೊದಲೇ ಮದ್ದು ಶುರುವಾಗಿರುತ್ತದೆ. ಒಬ್ಬರು ರೌಟರ್ ಹಿಂದಿನ ಸಣ್ಣ ತೂತಿಗೆ ಸೂಜಿ ಚುಚ್ಚಿ ರೀಸೆಟ್ ಮಾಡಿರುತ್ತಾರೆ. ಇನ್ನೊಬ್ಬರು ಅಂಗಡಿಗೆ ಹೋಗಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದಿರುತ್ತಾರೆ. ಮೊದಲನೆಯದರಿಂದ ಇಡೀ ಮನೆಯ ಇಂಟರ್ನೆಟ್ ಹೋಗುತ್ತದೆ. ಎರಡನೆಯದರಿಂದ ಫೋಟೊ, ಫೈಲು ಹೋಗುತ್ತವೆ. ವೈಫೈ ಮಾತ್ರ ಎಷ್ಟೋ ಸಲ ಹಾಗೇ ಇರುತ್ತದೆ.

ಆದ್ದರಿಂದ ಇಲ್ಲಿ ಹುಡುಕುವ ಕ್ರಮವೇ ಮುಖ್ಯ. ದೋಷ ಎಲ್ಲಿದೆ ಅಂತ ಗೊತ್ತಾದರೆ ಸರಿಪಡಿಸುವ ಕೆಲಸ ಸಣ್ಣದು. ನಾನು ವಿಂಡೋಸ್ 10 ಮತ್ತು 11 ಇಟ್ಟುಕೊಂಡು ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಕಡೆ ಮುಕ್ಕಾಲು ಜನರ ಹತ್ತಿರ ಇರುವುದು ಅದೇ.

ಮೊದಲು ಎರಡು ಪರೀಕ್ಷೆ

ಲ್ಯಾಪ್‌ಟಾಪ್ ಮುಟ್ಟಬೇಡಿ. ಫೋನ್ ಕೈಗೆ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತರೆ ಪರೀಕ್ಷೆಗೆ ಅರ್ಥವೇ ಇಲ್ಲ, ಏಕೆಂದರೆ ವೈಫೈ ಸತ್ತಿದ್ದರೂ ಫೋನ್ ಸುಮ್ನೆ ಸಿಮ್‌ನಿಂದ ಕೆಲಸ ನಡೆಸುತ್ತದೆ. ಈಗ ಫೋನನ್ನು ಅದೇ ವೈಫೈಗೆ ಹಾಕಿ, ಲ್ಯಾಪ್‌ಟಾಪ್ ಇರುವ ಜಾಗದಲ್ಲೇ ನಿಂತು, ಹೊಸದೊಂದು ವೆಬ್‌ಸೈಟ್ ತೆರೆಯಿರಿ. ಫೋನ್‌ನಲ್ಲೂ ಬರದಿದ್ದರೆ ಲ್ಯಾಪ್‌ಟಾಪ್ ತಪ್ಪಿಲ್ಲ. ರೌಟರ್ ಕಡೆ ಹೋಗಿ.

ಫೋನ್‌ನಲ್ಲಿ ಬಂತು ಅಂದುಕೊಳ್ಳಿ. ಈಗ ಎರಡನೇ ಪರೀಕ್ಷೆ. ಫೋನ್‌ನಲ್ಲಿ ಮೊಬೈಲ್ ಡೇಟಾ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಅದಕ್ಕೆ ಕನೆಕ್ಟ್ ಮಾಡಿ. ಹಾಟ್‌ಸ್ಪಾಟ್‌ಗೆ ಹತ್ತಿ ಇಂಟರ್ನೆಟ್ ಬಂದರೆ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ (ಸಿಗ್ನಲ್ ಹಿಡಿಯುವ ಒಳಗಿನ ಬಿಡಿಭಾಗ) ಚೆನ್ನಾಗಿದೆ, ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಕೂಡ ಸರಿ ಇದೆ. ತೊಂದರೆ ಈ ಲ್ಯಾಪ್‌ಟಾಪ್ ಮತ್ತು ಆ ರೌಟರ್ ನಡುವೆ ಮಾತ್ರ. ಹಾಟ್‌ಸ್ಪಾಟ್‌ಗೂ ಹತ್ತದಿದ್ದರೆ ಲ್ಯಾಪ್‌ಟಾಪ್ ಒಳಗೇ ನೋಡಬೇಕು.

ಜೊತೆಗೆ ಒಮ್ಮೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು, ಮತ್ತೆ ಚಾಲೂ ಮಾಡಿದಾಗ ಅದನ್ನೇ ವಾಪಸ್ ತರುತ್ತದೆ. ಸಿಕ್ಕಿಹಾಕಿಕೊಂಡ ಡ್ರೈವರ್ ಸಿಕ್ಕಿಹಾಕಿಕೊಂಡೇ ಬರುತ್ತದೆ. "ನಾಲ್ಕ್ ಸಲ ಬಂದ್ ಮಾಡಿ ಚಾಲೂ ಮಾಡೇನ್ರಿ" ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ವೈಫೈ ಬಟನ್ನೇ ಕಾಣುತ್ತಿಲ್ಲ

ಟಾಸ್ಕ್‌ಬಾರ್‌ನಲ್ಲಿ ವೈಫೈ ಚಿಹ್ನೆ ಬದಲು ಗ್ಲೋಬ್ ಚಿತ್ರ ಬಂದಿದೆ, ಸೆಟ್ಟಿಂಗ್ಸ್ ಒಳಗೆ ವೈಫೈ ಅನ್ನುವ ಸಾಲೇ ಇಲ್ಲ. ಹೀಗಿದ್ದರೆ ವಿಂಡೋಸ್‌ಗೆ ಕಾರ್ಡೇ ಕಾಣುತ್ತಿಲ್ಲ, ಇಲ್ಲವೇ ಕಾರ್ಡ್ ಆಫ್ ಆಗಿದೆ ಎಂದರ್ಥ.

ಮೊದಲು ಏರೋಪ್ಲೇನ್ ಮೋಡ್ ನೋಡಿ. ಕೀಬೋರ್ಡ್ ಮೇಲಿನ ಸಾಲಿನಲ್ಲಿ ವಿಮಾನದ ಅಥವಾ ಟವರ್‌ನ ಚಿತ್ರ ಇರುವ ಕೀ ಇರುತ್ತದೆ, ಮಕ್ಕಳ ಕೈ ತಾಗಿ ಒತ್ತಿರಬಹುದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕಕ್ಕೆ ಅಥವಾ ಮುಂದೆ ಸಣ್ಣ ಸರಿಸುವ ಸ್ವಿಚ್ ಇರುತ್ತದೆ. ಆ ಸ್ವಿಚ್ ಆಫ್ ಇದ್ದರೆ ವಿಂಡೋಸ್ ಒಳಗೆ ಏನು ಮಾಡಿದರೂ ವೈಫೈ ಆನ್ ಆಗುವುದಿಲ್ಲ.

ಆಮೇಲೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲನ್ನು ಬಿಚ್ಚಿ. ಅಲ್ಲಿ ವೈರ್‌ಲೆಸ್ ಅಥವಾ ವೈಫೈ ಅಂತ ಇರುವ ಹೆಸರು ಇದೆಯಾ? ಹೆಸರಿದ್ದು ಅದರ ಮೇಲೆ ಕೆಳಮುಖ ಬಾಣ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿದರೆ ಮುಗಿಯಿತು. ಹಳದಿ ತ್ರಿಕೋನ ಇದ್ದರೆ ಡ್ರೈವರ್ ತೊಂದರೆ ಇರಬಹುದು. ಇತ್ತೀಚೆಗೆ ವಿಂಡೋಸ್ ಅಪ್‌ಡೇಟ್ ಆಗಿದ್ದರೆ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಒತ್ತಿ ನೋಡಿ, ಹಳೆಯ ಡ್ರೈವರ್ ವಾಪಸ್ ಬರುತ್ತದೆ.

ಹೆಸರೇ ಇಲ್ಲದಿದ್ದರೆ ಅಂಗಡಿಗೆ ಓಡುವ ಮೊದಲು ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ. ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಚಾಲೂ ಮಾಡಿ. ಕಾರ್ಡ್‌ನಲ್ಲಿ ಉಳಿದಿರುವ ಕರೆಂಟ್ ಪೂರ್ತಿ ಇಳಿದು, ಅದು ಮೊದಲಿನಿಂದ ಶುರುವಾಗುತ್ತದೆ. ಮಂತ್ರ ಹಾಕಿದ ಹಾಗೆ ಅನ್ನಿಸಬಹುದು, ಆದರೆ ಮಾಯವಾದ ಕಾರ್ಡ್ ಎಷ್ಟೋ ಸಲ ಇದರಿಂದಲೇ ವಾಪಸ್ ಬರುತ್ತದೆ.

ಹೊಸದಾಗಿ ಫಾರ್ಮ್ಯಾಟ್ ಮಾಡಿಸಿದ ಲ್ಯಾಪ್‌ಟಾಪ್ ಆದರೆ ಕಾರಣ ಹೆಚ್ಚಾಗಿ ಒಂದೇ: ವೈಫೈ ಡ್ರೈವರ್ ಹಾಕಿಲ್ಲ. ಇಲ್ಲಿ ಒಂದು ಪೇಚು. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ದಾರಿ ಫೋನ್‌ನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈಫೈ ಕಾರ್ಡ್ ಇಲ್ಲದೆಯೇ ಇಂಟರ್ನೆಟ್ ಬರುತ್ತದೆ. ಫೋನ್ ಮನೆಯ ವೈಫೈನಲ್ಲಿದ್ದರೆ ಆ ವೈಫೈಯೇ ಕೇಬಲ್ ಮೂಲಕ ಬರುತ್ತದೆ, ಸಿಮ್ ಡೇಟಾ ಖರ್ಚಾಗುವುದಿಲ್ಲ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಿರಬೇಕು. ರಸ್ತೆ ಬದಿಯಲ್ಲಿ ಸಿಗುವ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ.

ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದ, ಮಾಡೆಲ್ ನಂಬರ್ ಹಾಕಿ ಇಳಿಸಿ. ಯಾವ ಕಂಪನಿಯ ಕಾರ್ಡ್ ಅಂತ ಗೊತ್ತಿಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಸಿ3 ಇದ್ದರೆ ಮೀಡಿಯಾಟೆಕ್. "ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಪಕ್ಕದ ಮನೆಯದು ಕಾಣುತ್ತದೆ, ನಮ್ಮದು ಕಾಣುತ್ತಿಲ್ಲ

ಇದು ಜನರನ್ನು ಬಹಳ ತಲೆ ಕೆಡಿಸುವ ತೊಂದರೆ. ಪಟ್ಟಿಯಲ್ಲಿ ಓಣಿಯವರ ವೈಫೈ ಎಲ್ಲ ಇದೆ. ಫೋನ್‌ನಲ್ಲಿ ನಮ್ಮದೂ ಇದೆ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಮ್ಮದಿಲ್ಲ.

ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ ಅಲೆಗಳ ಎರಡು ಶ್ರೇಣಿಗಳಲ್ಲಿ ಓಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಅಗ್ಗದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 2.4 ಮಾತ್ರ ಹಿಡಿಯುವ ಕಾರ್ಡ್ ಇರುತ್ತದೆ. ರೌಟರ್‌ನಲ್ಲಿ 5 ಮಾತ್ರ ಆನ್ ಇದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಫೋನ್ ಹಾಟ್‌ಸ್ಪಾಟ್‌ಗೂ ಇದೇ ಮಾತು. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಬ್ಯಾಂಡನ್ನು 2.4ಕ್ಕೆ ಬದಲಿಸಿ. ಐಫೋನ್ 12 ಮತ್ತು ಆಮೇಲಿನವುಗಳಲ್ಲಿ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಅಂತ ಇರುವುದನ್ನು ಆನ್ ಮಾಡಿ.

ಎರಡನೇ ಕಾರಣ ಹೊಸ ರೌಟರ್, ಹಳೆಯ ಡ್ರೈವರ್. ಮನೆಗೆ ವೈಫೈ 6 ರೌಟರ್ ಬಂದ ದಿನದಿಂದ ಹಳೆಯ ಇಂಟೆಲ್ ಕಾರ್ಡ್‌ನ ಲ್ಯಾಪ್‌ಟಾಪ್‌ಗೆ ಆ ಹೆಸರೇ ಕಾಣುವುದಿಲ್ಲ. ಇದು ಇಂಟೆಲ್‌ನವರೂ ಒಪ್ಪಿಕೊಂಡ ತೊಂದರೆ, ಡ್ರೈವರ್ ಅಪ್‌ಡೇಟ್ ಮಾಡಿದರೆ ಹೋಗುತ್ತದೆ. ಅಪ್‌ಡೇಟ್ ಸಿಗದಿದ್ದರೆ ರೌಟರ್‌ನಲ್ಲಿ 2.4ರ ಮಟ್ಟಿಗೆ ವೈಫೈ 6 ಮೋಡ್ ತೆಗೆದುಬಿಡಿ.

ಮೂರನೆಯದು ಸ್ವಲ್ಪ ಮಜವಾಗಿದೆ. ಅಮೆರಿಕದಲ್ಲಿರುವ ಮಗನೋ ಅಳಿಯನೋ ಕಳಿಸಿದ ಲ್ಯಾಪ್‌ಟಾಪ್‌ಗಳು ಧಾರವಾಡದ ಮನೆಗಳಲ್ಲಿ ಏನು ಕಡಿಮೆ ಇಲ್ಲ. ಒಂದೊಂದು ಬ್ಯಾಂಡಿನೊಳಗೆ ಚಾನೆಲ್ ಅನ್ನುವ ಸಣ್ಣ ದಾರಿಗಳಿರುತ್ತವೆ. ನಮ್ಮ ದೇಶದಲ್ಲಿ 2.4ರಲ್ಲಿ 13 ಚಾನೆಲ್ ಬಳಸಬಹುದು. ಅಮೆರಿಕಕ್ಕಾಗಿ ಮಾಡಿದ ಕಾರ್ಡ್‌ಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ನೋಡುತ್ತವೆ. ರೌಟರ್ ಆಟೋದಲ್ಲಿದ್ದು, ಅದು ಚಾನೆಲ್ 12 ಅಥವಾ 13ಕ್ಕೆ ಹೋಗಿ ಕೂತ ದಿನ ಆ ಲ್ಯಾಪ್‌ಟಾಪ್‌ಗೆ ವೈಫೈ ಇಲ್ಲ. ಮರುದಿನ ರೌಟರ್ ಮತ್ತೆ 6ಕ್ಕೆ ಬಂದರೆ ಉಂಟು. ಒಂದು ದಿನ ಬಂದು ಒಂದು ದಿನ ಬರದ ವೈಫೈಗೆ ಇದೂ ಒಂದು ಕಾರಣ. ರೌಟರ್‌ನ ಸೆಟ್ಟಿಂಗ್ ಪುಟಕ್ಕೆ (ಬ್ರೌಸರ್‌ನಲ್ಲಿ ರೌಟರ್ ವಿಳಾಸ ಹಾಕಿದರೆ ತೆರೆಯುತ್ತದೆ) ಹೋಗಿ ಚಾನೆಲನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿ. ಈ ಮೂರೇ ಏಕೆಂದರೆ 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವೇ.

ಕರೆಂಟ್ ಹೋಗಿ ಬಂದ ಮೇಲೆ 2.4ರ ಹೆಸರು ಬೇಗ ಬಂದು 5ರದ್ದು ತಡವಾಗಿ ಬಂದರೆ ಗಾಬರಿ ಬೇಡ. 5ರ ಕೆಲವು ಚಾನೆಲ್‌ಗಳಲ್ಲಿ ರಾಡಾರ್ ಕೂಡ ಓಡುತ್ತದೆ. ಹತ್ತಿರದಲ್ಲಿ ರಾಡಾರ್ ಇದೆಯಾ ಅಂತ ರೌಟರ್ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡು ಆಮೇಲೆ ಶುರು ಮಾಡುತ್ತದೆ.

ಹೆಸರು ಕಾಣುತ್ತದೆ, ಒಳಗೆ ಬಿಡುತ್ತಿಲ್ಲ

ಪಾಸ್‌ವರ್ಡ್ ಬದಲಾಗಿದ್ದರೆ ಲ್ಯಾಪ್‌ಟಾಪ್ ಹಳೆಯದನ್ನೇ ಹಿಡಿದುಕೊಂಡು ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನು ಫರ್ಗೆಟ್ ಮಾಡಿ, ಹೊಸದಾಗಿ ಪಾಸ್‌ವರ್ಡ್ ಹಾಕಿ. ಹಾಕುವಾಗ ಕಣ್ಣಿನ ಚಿತ್ರ ಒತ್ತಿ ಅಕ್ಷರ ಕಾಣುವಂತೆ ಮಾಡಿಕೊಳ್ಳಿ. ವಾಟ್ಸಾಪ್‌ನಿಂದ ಕಾಪಿ ಮಾಡಿ ಹಾಕಿದರೆ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡು ಬರಬಹುದು. ಸೊನ್ನೆಗೂ ಓ ಅಕ್ಷರಕ್ಕೂ ಗೊಂದಲ ಇದ್ದದ್ದೇ.

ಪಾಸ್‌ವರ್ಡ್ ಸರಿ ಇದ್ದೂ ಬಿಡದಿದ್ದರೆ ರೌಟರ್‌ನ ಸೆಕ್ಯೂರಿಟಿ ನೋಡಿ. ಡಬ್ಲ್ಯುಪಿಎ ಅಂದರೆ ವೈಫೈಗೆ ಹಾಕುವ ಬೀಗದ ಬಗೆ. ಅದರ ಹೊಸ ರೂಪ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಕಾರ್ಡ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಇಟ್ಟರೆ ಹೆಚ್ಚಿನ ಸಾಧನಗಳು ಬರುತ್ತವೆ.

ಮ್ಯಾಕ್ ಫಿಲ್ಟರ್ ಹಾಕಿರುವ ಕಡೆ, ಅಂದರೆ ಮೊದಲೇ ಬರೆಸಿದ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಅನುಮತಿ ಇರುವ ಹಾಸ್ಟೆಲ್, ಆಫೀಸ್‌ಗಳಲ್ಲಿ, ವಿಂಡೋಸ್‌ನ ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆಫ್ ಇರಬೇಕು. ಆನ್ ಇದ್ದರೆ ಲ್ಯಾಪ್‌ಟಾಪ್ ವೇಷ ಬದಲಿಸಿಕೊಂಡು ಬರುತ್ತದೆ, ಬಾಗಿಲಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ.

ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ

ಹೆಚ್ಚು ಜನ ಬರುವುದು ಇಲ್ಲಿಗೇ. ಇಲ್ಲಿ ಊಹೆ ಮಾಡುವುದು ಬೇಡ, ಮೂರು ಮೆಟ್ಟಿಲು ಹತ್ತಿ ನೋಡಿದರೆ ಯಾವುದು ಮುರಿದಿದೆ ಅಂತ ತಾನೇ ಗೊತ್ತಾಗುತ್ತದೆ.

ಮೊದಲು ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ಗೆ ಸಿಕ್ಕ ವಿಳಾಸದ ನಂಬರ್. ವೈಫೈ ಹೆಸರಿನ ಪ್ರಾಪರ್ಟೀಸ್ ಒಳಗೆ ಕೆಳಗೆ ಐಪಿವಿ4 ಅಡ್ರೆಸ್ ಅಂತ ಇರುತ್ತದೆ. ಅದು 192.168ರಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಸರಿ. 169.254ರಿಂದ ಶುರುವಾಗಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ, ಕಾದು ಕಾದು ವಿಂಡೋಸ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಇದರಲ್ಲಿ ಇಂಟರ್ನೆಟ್ ಬರುವುದಿಲ್ಲ.

ರೌಟರ್ ಏಕೆ ಕೊಡಲಿಲ್ಲ? ಒಂದೇ ಲ್ಯಾಪ್‌ಟಾಪ್‌ಗೆ ಹೀಗಾದರೆ ವೈಫೈ ಆಫ್ ಮಾಡಿ ಆನ್ ಮಾಡಿ, ಆಮೇಲೆ ಐಪಿ ಅಸೈನ್‌ಮೆಂಟ್ ಆಟೊಮ್ಯಾಟಿಕ್ ಇದೆಯಾ ನೋಡಿ. ಆಫೀಸಿನಲ್ಲಿ ಯಾರೋ ಕೈಯಾರೆ ಹಾಕಿದ ನಂಬರ್ ಮನೆಯಲ್ಲಿ ನಡೆಯುವುದಿಲ್ಲ. ಹಲವರಿಗೆ ಒಟ್ಟಿಗೇ ಹೀಗಾದರೆ ವಿಳಾಸಗಳೇ ಖಾಲಿಯಾಗಿರಬಹುದು. ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್‌ಗೆ ಬಂದ ಹುಡುಗರು ತುಂಬಿರುವ ಪಿಜಿಗಳನ್ನು ನೆನೆಯಿರಿ. ಒಬ್ಬೊಬ್ಬರಿಗೆ ಒಂದು ಫೋನ್, ಒಂದು ಲ್ಯಾಪ್‌ಟಾಪ್, ಜೊತೆಗೆ ಬಂದು ಹೋಗುವ ಗೆಳೆಯರ ಫೋನ್. ರೌಟರ್ ಒಮ್ಮೆ ಕೊಟ್ಟ ವಿಳಾಸವನ್ನು ಅವಧಿ ಮುಗಿಯುವವರೆಗೆ ಬೇರೆಯವರಿಗೆ ಕೊಡುವುದಿಲ್ಲ, ಅನೇಕ ರೌಟರ್‌ಗಳಲ್ಲಿ ಈ ಅವಧಿ 24 ಗಂಟೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿ ಇಳಿದು ಹೋದ ಹಾಗೆ ಆಗುತ್ತದೆ, ಸೀಟು ಖಾಲಿ, ಆದರೆ ಕೂರುವ ಹಾಗಿಲ್ಲ. ರೌಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಿ, ವಿಳಾಸದ ಸಾಲನ್ನು 2ರಿಂದ 254ರವರೆಗೆ ಹಿಗ್ಗಿಸಿ. ಪಿಜಿ ಮಾಲೀಕರಿಗೆ ಇದನ್ನು ಹೇಳಿದರೆ "ಹೊಸಾ ಬಾಕ್ಸ್ ತರಬೇಕೇನ್ರಿ" ಅಂತ ಕೇಳುತ್ತಾರೆ. ಮೊದಲು ಇದನ್ನು ಮಾಡಿ, ಆಮೇಲೆ ಬಾಕ್ಸ್ ಮಾತು.

ಇನ್ನೊಂದು ಕಾರಣ, ಎರಡು ರೌಟರ್. ಮೇಲಿನ ಮಹಡಿಗೆ ಸಿಗ್ನಲ್ ಬರಲಿ ಅಂತ ಹಳೆಯ ರೌಟರನ್ನು ಕೇಬಲ್ ಎಳೆದು ಜೋಡಿಸಿರುತ್ತಾರೆ. ಎರಡಕ್ಕೂ 192.168.1.1 ಅನ್ನುವ ಒಂದೇ ವಿಳಾಸ, ಎರಡೂ ವಿಳಾಸ ಹಂಚುತ್ತಿರುತ್ತವೆ. ಆಗ ಒಬ್ಬರಿಗೆ ಬರುತ್ತದೆ, ಪಕ್ಕದಲ್ಲಿ ಕೂತವರಿಗೆ ಬರುವುದಿಲ್ಲ. ಎರಡನೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ವಿಳಾಸ ಹಂಚದೆ ಸಿಗ್ನಲ್ ಮಾತ್ರ ಕೊಡುತ್ತದೆ. ಆ ಮೋಡ್ ಇಲ್ಲದಿದ್ದರೆ ಅದರ ವಿಳಾಸ ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ.

ಎರಡನೇ ಮೆಟ್ಟಿಲು ಪಿಂಗ್, ಅಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದಾ ಅಂತ ನೋಡುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ರೌಟರ್ ವಿಳಾಸ ಹಾಕಿ. ಆ ವಿಳಾಸ ಗೊತ್ತಿಲ್ಲದಿದ್ದರೆ ಅಲ್ಲೇ ಐಪಿಕಾನ್ಫಿಗ್ (ipconfig) ಅಂತ ಬರೆದು ಎಂಟರ್ ಒತ್ತಿ, ಐಪಿ ಅಡ್ರೆಸ್ ಹತ್ತಿರವೇ ಡೀಫಾಲ್ಟ್ ಗೇಟ್‌ವೇ ಅಂತ ಸಿಗುತ್ತದೆ. ರಿಪ್ಲೈ ಬಂದರೆ ರೌಟರ್‌ವರೆಗಿನ ದಾರಿ ಚೆನ್ನಾಗಿದೆ. ಬರದಿದ್ದರೆ ಸಿಗ್ನಲ್, ವಿಪಿಎನ್ (ಇಂಟರ್ನೆಟ್ಟನ್ನು ಬೇರೊಂದು ಗುಪ್ತ ದಾರಿಯಿಂದ ಕಳಿಸುವ ಸಾಫ್ಟ್‌ವೇರ್), ಅಥವಾ ಆಂಟಿವೈರಸ್ ಜೊತೆ ಬಂದ ಫೈರ್‌ವಾಲ್ ನೋಡಿ. ಅವಧಿ ಮುಗಿದ ಆಂಟಿವೈರಸ್ ಇದ್ದರೆ ಪೂರ್ತಿ ತೆಗೆದುಹಾಕಿ, ವಿಂಡೋಸ್‌ನಲ್ಲೇ ಒಂದು ಇದೆ, ಸಾಕು.

ಈಗ 8.8.8.8ಕ್ಕೆ ಪಿಂಗ್ ಮಾಡಿ. ಇದು ಗೂಗಲ್‌ನ ವಿಳಾಸ. ರೌಟರ್‌ಗೆ ರಿಪ್ಲೈ ಇದ್ದು ಇದಕ್ಕೆ ಇಲ್ಲದಿದ್ದರೆ ತೊಂದರೆ ರೌಟರ್ ಆಚೆ ಇದೆ. ರೀಚಾರ್ಜ್ ಮುಗಿದಿರಬಹುದು. ನಗಬೇಡಿ, ಪ್ಲಾನ್ ಅವಧಿ ಮುಗಿದರೂ ವೈಫೈ ಹೆಸರು, ಸಿಗ್ನಲ್ ಕಡ್ಡಿ ಎಲ್ಲ ಮೊದಲಿನ ಹಾಗೇ ಇರುತ್ತದೆ.

ಮೂರನೇ ಮೆಟ್ಟಿಲು. 8.8.8.8ಕ್ಕೆ ರಿಪ್ಲೈ ಬರುತ್ತದೆ, ಆದರೆ ವೆಬ್‌ಸೈಟ್ ತೆರೆಯುವುದಿಲ್ಲ. ಆಗ ಡಿಎನ್‌ಎಸ್ ಮೇಲೆ ಅನುಮಾನ, ಅಂದರೆ ಹೆಸರನ್ನು ನಂಬರ್ ಮಾಡಿಕೊಡುವ ಕೆಲಸ ನಿಂತಿದೆ. ವೈಫೈ ಪ್ರಾಪರ್ಟೀಸ್‌ನಲ್ಲಿ ಡಿಎನ್‌ಎಸ್ ಮ್ಯಾನ್ಯುಯಲ್ ಮಾಡಿ 8.8.8.8 ಮತ್ತು 1.1.1.1 ಹಾಕಿ ನೋಡಿ.

ಅದೂ ಆಗದಿದ್ದರೆ ಪ್ರಾಕ್ಸಿ, ಅಂದರೆ ನಮಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಕಂಪ್ಯೂಟರ್. ಎಂಜಿನಿಯರಿಂಗ್ ಕಾಲೇಜಿನ ಹುಡುಗರ ಲ್ಯಾಪ್‌ಟಾಪ್ ಆದರೆ ಇದನ್ನೇ ಮೊದಲು ನೋಡಬಹುದು. ಕ್ಯಾಂಪಸ್‌ನಲ್ಲಿ ಹಾಕಿದ ಪ್ರಾಕ್ಸಿ ಮನೆಗೆ ಬಂದ ಮೇಲೂ ಆನ್ ಇರುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿ. ಅಲ್ಲಿ ಮ್ಯಾನ್ಯುಯಲ್ ಆಫ್ ಮಾಡಿ.

ಗಡಿಯಾರವನ್ನೂ ಒಮ್ಮೆ ನೋಡಿ. ಹಳೆಯ ಲ್ಯಾಪ್‌ಟಾಪ್‌ನ ಒಳಗಿರುವ ಬಟನ್ ಸೆಲ್ ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಸುರಕ್ಷಿತ ವೆಬ್‌ಸೈಟ್‌ಗಳ ಪ್ರಮಾಣಪತ್ರಕ್ಕೆ ದಿನಾಂಕ ಇರುತ್ತದೆ, ತಾರೀಖು ತಪ್ಪಿದ್ದರೆ ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ಹೆಚ್ಚಾಗಿ ಅದು ಸಿಆರ್2032 ಸೆಲ್, ಅಗ್ಗದ್ದು.

ಕೊನೆಯ ಮದ್ದು ವಿಂಡೋಸ್‌ನ ನೆಟ್‌ವರ್ಕ್ ರೀಸೆಟ್. ಇದು ಎಲ್ಲ ವೈಫೈ ಪಾಸ್‌ವರ್ಡ್‌ಗಳನ್ನೂ ಅಳಿಸುತ್ತದೆ, ವಿಪಿಎನ್ ಇದ್ದರೆ ಮತ್ತೆ ಹಾಕಿಕೊಳ್ಳಬೇಕು. ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಫಾರ್ಮ್ಯಾಟ್‌ಗಿಂತ ಇದು ಸಾವಿರ ಪಾಲು ಮೇಲು.

ಸ್ಟೇಷನ್ನಿನಲ್ಲಿ

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರೆ ನಿಲ್ದಾಣದ ವೈಫೈ ರೈಲ್‌ವೈರ್ ಹೆಸರು ಕಾಣುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಕನೆಕ್ಟ್ ಆಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಇದು ದೋಷ ಅಲ್ಲ. ಬ್ರೌಸರ್‌ನಲ್ಲಿ ಒಂದು ಪುಟ ತೆರೆದುಕೊಳ್ಳಬೇಕು, ಅಲ್ಲಿ ಮೊಬೈಲ್ ನಂಬರ್ ಹಾಕಿ, ಬಂದ ಒಟಿಪಿ ಕೊಡಬೇಕು. ಪುಟ ತಾನೇ ಬರದಿದ್ದರೆ ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ. ಅದು ಬೀಗ ಇಲ್ಲದ ಸೈಟ್ ಆದ್ದರಿಂದ ಲಾಗಿನ್ ಪುಟ ಅದರ ಜಾಗದಲ್ಲಿ ಬರುತ್ತದೆ. ವಿಪಿಎನ್ ಆನ್ ಇದ್ದರೆ, ಅಥವಾ ಡಿಎನ್‌ಎಸ್ ಕೈಯಾರೆ ಹಾಕಿದ್ದರೆ, ಪುಟ ಬರದೇ ಇರಬಹುದು. ಮೇಲೆ ಹೇಳಿದ 8.8.8.8 ಹಾಕಿಕೊಂಡವರು ಇಲ್ಲಿ ಅದನ್ನು ಮತ್ತೆ ಆಟೊಮ್ಯಾಟಿಕ್ ಮಾಡಬೇಕು.

ಅಂದಹಾಗೆ ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಆ ಉದ್ದದಲ್ಲಿ ಎಲ್ಲ ಕಡೆ ಒಂದೇ ಸಮ ಸಿಗ್ನಲ್ ಬೇಕು ಅಂದರೆ ಕಷ್ಟ. ಸಿಗ್ನಲ್ ಕಡ್ಡಿ ಒಂದೇ ಇದ್ದರೆ ಬ್ಯಾಗ್ ಎತ್ತಿಕೊಂಡು ಮುಂದೆ ನಡೆಯಿರಿ.

ಬರುತ್ತದೆ, ಆದರೆ ಆಗಾಗ ಕಡಿಯುತ್ತದೆ

ಮೊದಲು ಎಲ್ಲಿ ಕಡಿಯುತ್ತದೆ ನೋಡಿ. ರೌಟರ್ ಪಕ್ಕ ಕೂತಾಗ ಚೆನ್ನಾಗಿದ್ದು ಒಳಕೋಣೆಯಲ್ಲಿ ಕಡಿದರೆ ಅದು ಗೋಡೆಯ ಕೆಲಸ. ಧಾರವಾಡದ ಹಳೆಯ ಕಲ್ಲಿನ ಮನೆ, ಗದಗ ಕಡೆಯ ಮಣ್ಣಿನ ಮಾಳಿಗೆ ಮನೆ, ಇವುಗಳ ಗೋಡೆ ದಪ್ಪ. 5 ಗಿಗಾಹರ್ಟ್ಸ್ ಅಂಥ ಗೋಡೆ ದಾಟುವುದರಲ್ಲಿ ಸೋಲುತ್ತದೆ, 2.4 ಸ್ವಲ್ಪ ಗಟ್ಟಿ. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಎರಡೂ ಇನ್ನಷ್ಟು ಸೊರಗುತ್ತವೆ, ನೀರು ಈ ಅಲೆಗಳನ್ನು ನುಂಗುತ್ತದೆ. ಪಡಸಾಲೆಯ ಮೂಲೆಯಲ್ಲಿ, ಕಬ್ಬಿಣದ ಕಪಾಟಿನ ಹಿಂದೆ, ಟಿವಿ ಸಂದಿಯಲ್ಲಿ ರೌಟರ್ ಇಟ್ಟು ಒಳಕೋಣೆಗೆ ಸಿಗ್ನಲ್ ಬರಲಿ ಅಂದರೆ ಹೇಗೆ? ಮನೆಯ ನಡುಭಾಗಕ್ಕೆ, ಎದೆಮಟ್ಟಕ್ಕಿಂತ ಮೇಲೆ, ಬಾಗಿಲ ನೇರಕ್ಕೆ ತನ್ನಿ. ಫೋನ್‌ನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಸಿಗುತ್ತದೆ. ಅದು ಡಿಬಿಎಂ ಅನ್ನುವ ಅಳತೆಯಲ್ಲಿ ತೋರಿಸುತ್ತದೆ: ಮೈನಸ್ 50ರ ಆಸುಪಾಸು ಬಹಳ ಚೆನ್ನಾಗಿದೆ, ಮೈನಸ್ 67ರವರೆಗೆ ವಿಡಿಯೋ ಕಾಲ್ ನಡೆಯುತ್ತದೆ, ಮೈನಸ್ 80ಕ್ಕೆ ಹೋದರೆ ಕಡಿಯುವುದೇ ಸಹಜ. ಗೋಡೆ ತೀರಾ ದಪ್ಪ ಇದ್ದರೆ ಅಗ್ಗದ ರಿಪೀಟರ್‌ಗಿಂತ ಒಂದು ಲ್ಯಾನ್ ಕೇಬಲ್ ಎಳೆದು ಆ ಕಡೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಫೋನ್‌ಗೆ ಒಳಕೋಣೆಯಲ್ಲೂ ಸಿಗ್ನಲ್ ಚೆನ್ನಾಗಿದೆ, ಲ್ಯಾಪ್‌ಟಾಪ್ ಮಾತ್ರ ರೌಟರ್‌ನ ಹತ್ತಿರ ಬಿಟ್ಟು ಬೇರೆಲ್ಲೂ ಹಿಡಿಯುವುದಿಲ್ಲ. ಹೀಗಿದ್ದರೆ ಒಂದು ಪ್ರಶ್ನೆ: ಇತ್ತೀಚೆಗೆ ಲ್ಯಾಪ್‌ಟಾಪ್ ಬಿಚ್ಚಿಸಿದ್ದೀರಾ? ಎಸ್‌ಎಸ್‌ಡಿ ಹಾಕಿಸಿದ್ದು, ಕೀಬೋರ್ಡ್ ಬದಲಿಸಿದ್ದು, ಹಿಂಜ್ ರಿಪೇರಿ? ವೈಫೈ ಆಂಟೆನಾ ಹೆಚ್ಚಾಗಿ ಪರದೆಯ ಚೌಕಟ್ಟಿನಲ್ಲಿರುತ್ತದೆ. ಅಲ್ಲಿಂದ ಎರಡು ಸಣ್ಣ ತಂತಿ, ಹೆಚ್ಚಾಗಿ ಒಂದು ಕಪ್ಪು ಒಂದು ಬಿಳಿ, ಕೆಳಗಿನ ಕಾರ್ಡ್‌ಗೆ ಬಂದು ಗುಂಡಿಯ ಹಾಗೆ ಕೂರುತ್ತವೆ. ಕಾರ್ಡ್ ತೆಗೆದು ಹಾಕುವಾಗ ಒಂದು ಸರಿಯಾಗಿ ಕೂರದಿದ್ದರೂ ಲ್ಯಾಪ್‌ಟಾಪ್ ಚಾಲೂ ಆಗುತ್ತದೆ, ವೈಫೈ ಕಾಣುತ್ತದೆ, ಅಂಗಡಿಯವರ ಟೇಬಲ್ ಮೇಲೆ ಎಲ್ಲ ಸರಿ ಇರುತ್ತದೆ. ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಇದಕ್ಕೆ ಹೊಸ ಕಾರ್ಡ್ ಬೇಡ, ತಂತಿ ಒತ್ತಿ ಕೂರಿಸಿದರೆ ಸಾಕು.

ಕೂತ ಜಾಗ ಯಾವುದಾದರೂ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಕಡಿಯುತ್ತದೆ ಅಂದರೆ ಪವರ್ ಸೇವಿಂಗ್. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ಗೆ ಹೋಗಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬ್ ಇರುವುದಿಲ್ಲ.

ಮೈಕ್ರೊವೇವ್ ಓವನ್ ಕೂಡ 2.4ರ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಅಡುಗೆ ಮನೆಯಲ್ಲಿ ಅದು ತಿರುಗಿದಾಗ ಮಾತ್ರ ವಿಡಿಯೋ ನಿಂತರೆ ಬೇರೆ ಸಾಕ್ಷಿ ಬೇಡ. 5ಕ್ಕೆ ಬದಲಿಸಿ. ಯುಎಸ್‌ಬಿ 3 ಪೋರ್ಟಿಗೆ ಹಾಕಿದ ಹಾರ್ಡ್ ಡಿಸ್ಕ್ ಕೂಡ 2.4ರಲ್ಲಿ ಗದ್ದಲ ಎಬ್ಬಿಸುತ್ತದೆ, ಪಕ್ಕದ ಪೋರ್ಟಿನಲ್ಲಿ ವೈಫೈ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಸಣ್ಣ ವೈಫೈ ಸಾಧನ) ಇದ್ದರೆ ಅದು ಕಿವುಡಾಗುತ್ತದೆ.

ಎಲ್ಲರಿಗೂ ಒಟ್ಟಿಗೇ ಕಡಿದು, ವೈಫೈ ಹೆಸರೂ ಮಾಯವಾಗಿ, ಎರಡು ನಿಮಿಷದಲ್ಲಿ ವಾಪಸ್ ಬಂದರೆ ರೌಟರ್ ತಾನೇ ರೀಸ್ಟಾರ್ಟ್ ಆಗುತ್ತಿದೆ. ಅಡಾಪ್ಟರ್ ಮೇಲೆ ಅನುಮಾನ ಪಡಿ. ರೌಟರ್ ಅಡಿಯ ಚೀಟಿಯಲ್ಲಿ 12 ವೋಲ್ಟ್ 1.5 ಆಂಪಿಯರ್ ಅಂತ ಇದ್ದು, ಗೋಡೆಯಲ್ಲಿ ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಅರ್ಧ ಆಂಪಿಯರ್‌ನ ಅಡಾಪ್ಟರ್ ಇದ್ದರೆ, ಪಿನ್ ಕೂತರೂ ಶಕ್ತಿ ಸಾಲುವುದಿಲ್ಲ. ಸಂಜೆ ಎಲ್ಲರೂ ಫೋನ್ ಹಿಡಿದು ಕೂತಾಗಲೇ ಅದು ಕೈಕೊಡುತ್ತದೆ. ರೌಟರ್‌ಗೆ ಅಂತ ಬರುವ ಸಣ್ಣ ಯುಪಿಎಸ್ ಕೊಳ್ಳುವಾಗಲೂ ಈ ಎರಡು ನಂಬರ್ ಹೊಂದಿಸಿ.

ಲೈನ್‌ಮನ್ ಅಥವಾ ಅಂಗಡಿಯವರಿಗೆ ಏನು ಹೇಳಬೇಕು

ಫೈಬರ್ ಬಾಕ್ಸ್‌ನ ದೀಪ ನೋಡಿ ಫೋನ್ ಮಾಡಿ. ಪಾನ್ (PON) ಅಂತ ಬರೆದ ದೀಪ ಹಸಿರಾಗಿ ನಿಂತಿದ್ದರೆ ಲೈನ್ ಬಂದಿದೆ. ಲಾಸ್ (LOS) ಅಂತ ಬರೆದ ದೀಪ ಕೆಂಪಾಗಿದ್ದರೆ ಬಾಕ್ಸ್‌ಗೆ ಬೆಳಕು ಬರುತ್ತಿಲ್ಲ. ಕಂಬದಿಂದ ಮನೆಗೆ ಬರುವ ತಂತಿ ಗಾಳಿಮಳೆಗೆ ಕೊಂಬೆ ಬಿದ್ದು ಕಡಿದಿರಬಹುದು, ಮಂಗ ಜೋತಾಡಿರಬಹುದು, ರಸ್ತೆ ಅಗೆದಿರಬಹುದು. ಒಳಗೆ ಕಪಾಟು ಸರಿಸಿದಾಗ ತಂತಿ ಚೂಪಾಗಿ ಮಡಚಿದ್ದರೂ ಬೆಳಕು ಸೋರಿಹೋಗುತ್ತದೆ, ಮೊದಲು ಅದನ್ನು ಬಿಡಿಸಿ ನೋಡಿ. ತುದಿ ಬಿಚ್ಚಿ ಕಣ್ಣಿಗೆ ಹಿಡಿಯಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೆ ಲೇಸರ್.

"ನೆಟ್ ಇಲ್ರಿ" ಅನ್ನುವ ಬದಲು "ಲಾಸ್ ದೀಪ ಕೆಂಪ ಐತ್ರಿ" ಅಂದರೆ ಲೈನ್‌ಮನ್ ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ. ಅವರು ಬರುವವರೆಗೆ ರೀಸೆಟ್ ತೂತು ಮುಟ್ಟಬೇಡಿ. ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಲೈನ್‌ನ ಸೆಟ್ಟಿಂಗ್ ಎಲ್ಲ ಅದರಲ್ಲಿರುತ್ತದೆ, ಒತ್ತಿದರೆ ಅಳಿಸಿಹೋಗುತ್ತದೆ. ಬಾಕ್ಸ್‌ನ ಸ್ವಿಚ್ ಆಫ್ ಮಾಡಿ ಆನ್ ಮಾಡುವುದರಲ್ಲಿ ಏನೂ ತೊಂದರೆ ಇಲ್ಲ.

ಲ್ಯಾಪ್‌ಟಾಪ್ ಅಂಗಡಿಗೆ ಕೊಡುವುದಾದರೆ ಇಷ್ಟು ಹೇಳಿ: ಹಾಟ್‌ಸ್ಪಾಟ್‌ಗೆ ಹತ್ತುತ್ತದೋ ಇಲ್ಲವೋ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಹೆಸರು ಇದೆಯೋ ಇಲ್ಲವೋ, ಐಪಿ ಯಾವ ನಂಬರಿನಿಂದ ಶುರುವಾಗುತ್ತದೆ. "ಕೇಳದೆ ಫಾರ್ಮ್ಯಾಟ್ ಮಾಡಬ್ಯಾಡ್ರಿ" ಅಂತಲೂ ಹೇಳಿ. ಕಾರ್ಡ್ ನಿಜವಾಗಿ ಸತ್ತಿದ್ದರೆ ಹೊಸದನ್ನು ಕೊಳ್ಳುವಾಗ ಒಂದು ಎಚ್ಚರ. ಇಂಟೆಲ್‌ನ ಎಎಕ್ಸ್210 ಕಾರ್ಡ್ ಇಂಟೆಲ್, ಎಎಮ್‌ಡಿ ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ನಡೆಯುತ್ತದೆ. ಎಎಕ್ಸ್211 ನೋಡಲು ಹಾಗೇ ಇದ್ದರೂ ಅದಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತದೆ. ಕಾರ್ಡ್ ಬೋರ್ಡಿಗೇ ಬೆಸೆದಿದ್ದರೆ ಬದಲಿಸುವ ಮಾತಿಲ್ಲ, ಯುಎಸ್‌ಬಿ ಡಾಂಗಲ್ ಹಾಕಿಕೊಳ್ಳಿ. ಕೊಳ್ಳುವಾಗ ಡ್ಯುಯಲ್ ಬ್ಯಾಂಡ್ ಅಂತ ಕೇಳಿ ಕೊಳ್ಳಿ.